ನೂರ ಎಪ್ಪತ್ತಾರನೆಯ ಪುಟದ ಹನ್ನೆರಡು ಸಾಲು

ದೂಮಪ್ಪ ಕರ್ಕೇರರ 'ಮೂರನೆಯ ಉಬ್ಬರ' ಎಂಬ ಪುಸ್ತಕದ ಕೊನೆಯ ಹನ್ನೆರಡು ಸಾಲು ಕರ್ಕೇರರದ್ದಲ್ಲ. ನನ್ನದು. ಅವರು ಬರೆದಿದ್ದ ಎರಡು ಪುಟಗಳನ್ನು ತೆಗೆದು ಆ ಜಾಗದಲ್ಲಿ ನನ್ನ ಸಾಲುಗಳನ್ನು ಕೂರಿಸಿದೆ. ಅವರು ಬಂದು ಕೇಳಿದಾಗ — ಕೈಬರಹದ ಕಾಪಿಯಲ್ಲಿ ಹಾಗೆಯೇ ಇತ್ತು, ನೀವೇ ಬರೆದದ್ದು — ಎಂದು ಮುಖ ನೋಡಿ ಹೇಳಿದೆ. ಹದಿನೆಂಟು ವರ್ಷ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ತಪ್ಪು ಇಷ್ಟು. ಇನ್ನು ಬರೆಯುವುದೆಲ್ಲ ಅದು ಹೇಗಾಯಿತು ಎಂಬುದು. ಯಾಕಾಯಿತು ಎಂಬುದೂ ಸ್ವಲ್ಪ — ನನಗೆ ತಿಳಿದ ಮಟ್ಟಿಗೆ.

ನಾನು ಮಂಗಳೂರಿನ ಒಂದು ಅಚ್ಚುಕೂಟದಲ್ಲಿ ಪ್ರೂಫ್ ನೋಡುವ ಕೆಲಸದಲ್ಲಿದ್ದವನು. ಹುಟ್ಟಿದ್ದು ಕಾವೂರಿನಲ್ಲಿ, ಕೆರೆಯ ಬದಿಯ ಗದ್ದೆ ಮಾಡುತ್ತಿದ್ದ ಮನೆಯಲ್ಲಿ. ನನಗೆ ಏಳು ತುಂಬಿದಾಗ ತಾಯಿ ತೀರಿಕೊಂಡರು. ಮರುವರ್ಷ ನನ್ನನ್ನು ಪೇಟೆಯ ಒಂದು ಬೋರ್ಡಿಂಗ್ ಶಾಲೆಗೆ ಸೇರಿಸಿದರು. ಅಲ್ಲಿ ಏಳುವುದಕ್ಕೆ, ಮೀಯುವುದಕ್ಕೆ, ಗಂಜಿ ಕುಡಿಯುವುದಕ್ಕೆ, ಮಾತು ನಿಲ್ಲಿಸುವುದಕ್ಕೆ — ಎಲ್ಲದಕ್ಕೂ ಗಂಟೆ ಬಾರಿಸುತ್ತಿದ್ದರು. ಉಳಿದ ಮಕ್ಕಳು ಅಳುತ್ತಿದ್ದರು. ನನಗೆ ಅದು ಹಿತವಾಯಿತು. ಮುಂದೆ ಏನಾಗುತ್ತದೆ ಎಂದು ಗೊತ್ತಿರುವ ದಿನ ನನಗೆ ಆಗ ಬೇಕಾಗಿತ್ತು.

ಈಗ ಗಂಟೆ ಬಾರಿಸುವವರಿಲ್ಲ, ಆದರೂ ನಾಲ್ಕೂವರೆಗೆ ಏಳುತ್ತೇನೆ. ಐದಕ್ಕೆ ಸ್ನಾನ, ಆರಕ್ಕೆ ಕದ್ರಿ ಗುಡ್ಡದ ತನಕ ನಡಿಗೆ, ಏಳಕ್ಕೆ ಗಂಜಿ. ನನ್ನ ಹೆಂಡತಿ ಕಲ್ಯಾಣಿ, "ನಿಮ್ಮ ಅಚ್ಚುಕೂಟ ಈಗ ನನ್ನ ಅಡಿಗೆಮನೆಗೇ ಬಂತಲ್ಲ" ಎಂದು ನಗುತ್ತಾಳೆ. ಅವಳ ಡಬ್ಬಿಗಳಿಗೆಲ್ಲ ನಾನು ಹೆಸರಿನ ಚೀಟಿ ಅಂಟಿಸಿದ್ದೇನೆ. ಹಲ್ಲು ಗಟ್ಟಿಯಾಗಿವೆ. ಕಣ್ಣಿಗೆ ಹಳೆಯ ಕನ್ನಡಕವೇ ಸಾಕಾಗುತ್ತದೆ. ಸುಖವಾಗಿದ್ದೇನೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ. ಸುಖವಾಗಿದ್ದುದರಿಂದಲೇ ಈ ಮಾತನ್ನು ಇಷ್ಟು ಕಾಲ ಮುಂದೂಡಲು ಸಾಧ್ಯವಾಯಿತೋ ಏನೋ — ಸುಖವಿರುವ ಮನೆಯಲ್ಲಿ ಒಂದು ಪೆಟ್ಟಿಗೆಯನ್ನು ತೆರೆಯದೆ ಇಡುವುದು ಕಷ್ಟವಲ್ಲ.

ಕರ್ಕೇರರು ಬೆಂಗ್ರೆಯವರು. ಹೊಳೆಗೂ ಕಡಲಿಗೂ ನಡುವೆ ಮಲಗಿರುವ ಆ ಮರಳಿನ ಪಟ್ಟಿಯಲ್ಲಿ ತಲೆತಲಾಂತರದಿಂದ ಬಲೆ ಬೀಸಿದ ಮನೆತನ ಅವರದ್ದು. ಅವರ ತಮ್ಮ ಶೀನ ಹತ್ತೊಂಬತ್ತನೆಯ ವಯಸ್ಸಿಗೆ ಅಳಿವೆಯಲ್ಲಿ, ಹೊಳೆ ಕಡಲಿಗೆ ಸೇರುವ ಆ ಬಾಯಿಯಲ್ಲಿ, ದೋಣಿ ಮಗುಚಿ ಹೋದ. ದೇಹ ಸಿಗಲಿಲ್ಲ. ಆ ಮೇಲೆ ಇವರು ಬಲೆ ಬಿಟ್ಟು, ಬಂದರಿನ ಧಕ್ಕೆಯಲ್ಲಿ ಮಂಜಿಗಳಿಗೆ ಸಾಮಾನು ಏರಿಸುವಾಗ ಪಟ್ಟಿ ಬರೆಯುವ ಕೆಲಸ ಹಿಡಿದರು. ಮಂಜಿ ಎಂದರೆ ಹಾಯಿಯ ದೊಡ್ಡ ಹಡಗು. ಅಕ್ಕಿ, ಹಂಚು ಹೊತ್ತು ಅಮೀನ್ ದ್ವೀಪಗಳ ತನಕ ಹೋಗಿ ತೆಂಗಿನ ಹುರಿ ತರುತ್ತಿದ್ದವು. ಕೆಲವು ಸಲ ಪಟ್ಟಿಯೊಂದಿಗೆ ಇವರೂ ಹಡಗು ಹತ್ತುತ್ತಿದ್ದರು. ಮಳೆಗಾಲದಲ್ಲಿ ಅಳಿವೆ ಮುಚ್ಚಿ ಮಂಜಿಗಳೆಲ್ಲ ದಡ ಸೇರಿದರೆ ಮೂರು ತಿಂಗಳು ಕೆಲಸವಿಲ್ಲ. ಆ ಮೂರು ತಿಂಗಳಲ್ಲಿ ಕರ್ಕೇರರು ಕಥೆ ಬರೆಯುತ್ತಿದ್ದರು — ಹಳೆಯ ಪಟ್ಟಿಗಳ ಬೆನ್ನಿನ ಮೇಲೆ.

ಎಂಥ ಕಥೆಗಳು! ಅಮಾವಾಸ್ಯೆಗೊಮ್ಮೆ ಗುಡ್ಡ ಇಳಿದು ಕಡಲಿಗೆ ಮೀಯಲು ಹೋಗುವ ದೀಪಸ್ತಂಭ. ಹಂಚಿನ ಕಾರ್ಖಾನೆಯ ಒಲೆಯಲ್ಲಿ ಬೆಂದು ಬಂದ ಒಂದು ಹಂಚು, ಯಾವ ಮಾಡಿಗೆ ಹಾಕಿದರೂ ಆ ಮನೆಯವರ ಗುಟ್ಟನ್ನು ಮಳೆಯೊಂದಿಗೆ ಗೊಣಗುವುದು. ಊರೊಂದನ್ನು ಇಡಿಯಾಗಿ ನುಂಗಿದ ಮೀನು. ಪದ್ಯಗಳೂ ಹಾಗೆಯೇ — ಒಂದರಲ್ಲಿ ಚಂದ್ರ ಮುದುಕನಂತೆ ಕೂತು ಮೋಡದ ಬಲೆಯ ತೂತು ಹೊಲಿಯುತ್ತಾನೆ, ತೂತಿನಿಂದ ಜಾರಿ ಬಿದ್ದ ನಕ್ಷತ್ರಗಳು ನಮ್ಮ ಬಾವಿಗಳಲ್ಲಿ ಮರಿ ಹಾಕುತ್ತವೆ. ಇವೆಲ್ಲ ನಮ್ಮ ಅಚ್ಚುಕೂಟದಲ್ಲೇ ಅಚ್ಚಾಗುತ್ತಿದ್ದ ಒಂದು ಅಗ್ಗದ ಮಾಸಪತ್ರಿಕೆಯಲ್ಲಿ ಬರುತ್ತಿದ್ದವು. ಒರಟು ಕಾಗದ, ಮುಖಪುಟಕ್ಕೆ ಕೆಂಪು ಶಾಯಿಯ ರಾಕ್ಷಸ. ರೈಲ್ವೆ ಸ್ಟೇಷನ್ನಿನಲ್ಲೂ ದೋಣಿ ಕಡವಿನಲ್ಲೂ ಮಾರುತ್ತಿದ್ದರು. ಮೇಷ್ಟ್ರುಗಳು ಮಕ್ಕಳ ಚೀಲದಿಂದ ಕಿತ್ತುಕೊಳ್ಳುತ್ತಿದ್ದರು. ಕಿತ್ತುಕೊಂಡು ತಾವೇ ಓದುತ್ತಿದ್ದರು.

ನಾನು ಪ್ರೂಫಿನ ಬದಿಯಲ್ಲಿ ಪ್ರಶ್ನೆಗಳನ್ನು ಬರೆಯುತ್ತಿದ್ದೆ. ಕರ್ಕೇರರು ಶನಿವಾರ ಬಂದು ಅವಕ್ಕೆ ಉತ್ತರ ಕೊಡುತ್ತಿದ್ದರು. ನಾವು ಮಾತಾಡುತ್ತಿದ್ದುದು ಅರ್ಧ ತುಳು, ಅರ್ಧ ಕನ್ನಡ; ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಕೊಡುತ್ತೇನೆ.

"ಐತಪ್ಪಣ್ಣ, ಇದು ಎಂತ? ಮೀನಿನ ಹೊಟ್ಟೆಯೊಳಗೆ ಮನೆಮನೆಯಲ್ಲಿ ದೀಪ ಉಂಟು ಅಂತ ನಾನು ಬರೆದದ್ದು. ನೀವು ಬದಿಯಲ್ಲಿ 'ಹೇಗೆ?' ಅಂತ ಹಾಕಿದ್ದೀರಿ."

"ನೀರಿನೊಳಗೆ ದೀಪ ಉರಿಯುವುದಿಲ್ಲವಲ್ಲ, ಕರ್ಕೇರರೆ."

"ಮೀನು ಒಂದು ಊರನ್ನೇ ನುಂಗಿದೆ ಮಾರಾಯ್ರೆ! ಅದು ನಿಮಗೆ ಅಡ್ಡಿ ಇಲ್ಲ. ದೀಪ ಮಾತ್ರ ಗಂಟಲಿಗೆ ಸಿಕ್ಕಿದ್ದಾ?"

ಅಚ್ಚಿನ ಮೊಳೆ ಜೋಡಿಸುವ ಲಾಜರ್ ಅತ್ತ ಕಡೆಯಿಂದ ನಗುತ್ತಿದ್ದ. ನಾನೂ ನಗುತ್ತಿದ್ದೆ. ದೀಪ ಹಾಗೆಯೇ ಉಳಿಯುತ್ತಿತ್ತು. ಆ ಶನಿವಾರಗಳು ನನ್ನ ಬದುಕಿನ ಒಳ್ಳೆಯ ದಿನಗಳು ಎಂದು ಈಗಲೂ ಹೇಳುತ್ತೇನೆ, ಹೇಳಲು ನನಗೆ ಅರ್ಹತೆ ಇದೆಯೋ ಇಲ್ಲವೋ.

ಹನ್ನೆರಡು ಕಥೆ, ಹದಿನೇಳು ಪದ್ಯ ಸೇರಿಸಿ ಪುಸ್ತಕ ಮಾಡುವುದೆಂದಾಯಿತು. ಒಂದು ಕಥೆ ಹೊಸತು, ಎಲ್ಲೂ ಅಚ್ಚಾಗದ್ದು — 'ಮೂರನೆಯ ಉಬ್ಬರ'. ಪುಸ್ತಕಕ್ಕೂ ಅದೇ ಹೆಸರು. ಆ ಕಥೆಯನ್ನು ಕರ್ಕೇರರು ಮಳೆ ಜೋರಾದ ಆಟಿ ತಿಂಗಳಲ್ಲಿ, ಚಳಿಜ್ವರದ ನಡುವೆ ಬರೆದು ಮುಗಿಸಿದರು. ಕಾಪಿ ತಂದುಕೊಟ್ಟ ದಿನವೂ ಜ್ವರ ಬಿಟ್ಟಿರಲಿಲ್ಲ.

ಕಥೆ ಹೀಗೆ. ಕಡಲಿಗೆ ದಿನಕ್ಕೆ ಎರಡೇ ಉಬ್ಬರ. ಆದರೆ ವರ್ಷಕ್ಕೊಮ್ಮೆ, ಆಟಿಯ ಒಂದು ದಿನ, ಮೂರನೆಯದೊಂದು ಬರುತ್ತದೆ. ಸದ್ದಿಲ್ಲದ ಉಬ್ಬರ, ಅದರ ಬೆನ್ನ ಮೇಲೆ ಮುಳುಗಿದವರ ದೋಣಿಗಳು ಮರಳುತ್ತವೆ. ನಮ್ಮ ಕಡೆ ಆಟಿಯಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವ ಕ್ರಮ ಎಲ್ಲರಿಗೂ ಗೊತ್ತು. ಒಳಕೋಣೆಯಲ್ಲಿ ಬಡಿಸಿ, ಬಾಗಿಲು ಎಳೆದುಕೊಂಡು, ಮನೆಯವರು ಹೊರಗೆ ಸುಮ್ಮನೆ ಕೂರುತ್ತಾರೆ. ಕಥೆಯ ತಾಯಿ ಮಾತ್ರ ಹೊರಗೆ ಹೋಗುವುದಿಲ್ಲ. ನನ್ನ ಮಗ ಬರುವಾಗ ನಾನು ಯಾಕೆ ಹೊರಗಿರಬೇಕು ಎಂದು ಎಲೆಯ ಎದುರೇ ಕೂರುತ್ತಾಳೆ. ಮಗ ಬರುತ್ತಾನೆ. ಸಾರಿಸಿದ ನೆಲದ ಮೇಲೆ ಒದ್ದೆ ಕಾಲು ಇಟ್ಟದ್ದಕ್ಕೆ ಅವಳು ಬೈಯುತ್ತಾಳೆ. ಅವನು ಉಣ್ಣುತ್ತಾನೆ. ಎಲೆ ಬರಿದಾಗುತ್ತದೆ. ಏಳುವ ಮೊದಲು, "ಅಮ್ಮ, ಸಾರಿಗೆ ಉಪ್ಪು ಕಡಿಮೆ" ಎನ್ನುತ್ತಾನೆ. ತಾಯಿಗೆ ಅದೇ ಹಬ್ಬ — ಉಪ್ಪು ಕಡಿಮೆ ಎನ್ನಬೇಕಾದರೆ ನಿಜವಾಗಿ ಉಂಡಿರಬೇಕಲ್ಲ! ಬರುವ ವರ್ಷ ಸರಿ ಹಾಕುತ್ತೇನೆ ಮಗಾ ಎಂದು ಅಂಗಳದ ತನಕ ಬಂದು ಕಳಿಸಿಕೊಡುತ್ತಾಳೆ. ಅಷ್ಟಕ್ಕೆ ಕಥೆ ಮುಗಿಯುತ್ತದೆ. ಅಳು ಇಲ್ಲ, ನೀತಿ ಇಲ್ಲ.

ಈ ಕೊನೆಯನ್ನು ನಾನು ತೆಗೆದೆ.

ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ. ದೊಡ್ಡ ಹಾಳೆಯೊಂದನ್ನು ಮಡಚಿದರೆ ಹದಿನಾರು ಪುಟ. ಅದು ಒಂದು ಫಾರಂ. ತರಿಸಿದ್ದ ಕಾಗದ ಹನ್ನೊಂದು ಫಾರಮಿಗೆ ಸರಿಯಾಗಿತ್ತು — ನೂರ ಎಪ್ಪತ್ತಾರು ಪುಟ. ಹತ್ತು ಅಚ್ಚಾಗಿ ಒಣಗಿದ್ದವು. ಕೊನೆಯ ಫಾರಮಿನಲ್ಲಿ ಕೊನೆಯ ಕಥೆ. ಅದು ನೂರ ಎಪ್ಪತ್ತೆಂಟಕ್ಕೆ ಮುಗಿಯುವಂತೆ ಕಂಡಿತು. ಎರಡು ಪುಟ ಹೆಚ್ಚು. ಕರ್ಕೇರರು ಮಂಜಿ ಹತ್ತಿ ದ್ವೀಪಕ್ಕೆ ಹೋಗಿದ್ದರು. ಅವರು ಮರಳುವ ದಿನ ಗಾಳಿಯ ಕೈಯಲ್ಲಿತ್ತು. ನನ್ನ ಕೆಲಸದ ಪಟ್ಟಿಯಲ್ಲಿ ಗಾಳಿಗೆ ಜಾಗವಿರಲಿಲ್ಲ. ಆ ಗುರುವಾರ ಕೊನೆಯ ಫಾರಂ ಯಂತ್ರಕ್ಕೆ ಹೋಗಬೇಕು ಎಂದು ನಾನೇ ಬರೆದು ಗೋಡೆಗೆ ಅಂಟಿಸಿದ್ದೆ.

ಮ್ಯಾನೇಜರು, "ಕರ್ಕೇರರು ಬರಲಿ, ಕೇಳಿಯೇ ಮಾಡಿ" ಎಂದಿದ್ದರು. ಲಾಜರ್ ಇನ್ನೂ ಸುಲಭ ಮಾಡಿ ಹೇಳಿದ. "ಮೊಳೆ ಕಟ್ಟಿ ಇಡ್ತೇನೆ ಐತಪ್ಪಣ್ಣ. ಅದು ಎಂತ, ಅನ್ನ ಕೇಳ್ತದಾ? ಇಲ್ಲದಿದ್ರೆ ಕೊನೆಯ ಪುಟಗಳಿಗೆ ಸಣ್ಣ ಮೊಳೆ ಹಾಕುವಾ, ಹಿಡಿಸ್ತದೆ."

ಹಿಡಿಸುತ್ತಿತ್ತು. ನನಗೂ ಗೊತ್ತಿತ್ತು. ಆದ್ದರಿಂದ ಜಾಗ ಸಾಲಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳುವಂತಿಲ್ಲ. ಆ ಎರಡು ಪುಟ ನನಗೆ ಬೇಡವಾಗಿತ್ತು — ನಿಜ ಅಷ್ಟೇ. ಜಾಗ ನೆಪವಾಗಿ ಕೈಗೆ ಸಿಕ್ಕಿತು. ಬುಧವಾರ ಮಧ್ಯಾಹ್ನ ಊಟದ ಹೊತ್ತಿಗೆ ಮೇಜಿನ ಮುಂದೆ ಕೂತು ಹನ್ನೆರಡು ಸಾಲು ಬರೆದೆ. ತಾಯಿ ಕಣ್ಣು ತೆರೆಯುತ್ತಾಳೆ, ಬೆಳಗಾಗಿದೆ, ಎಲೆಯ ಮೇಲಿನ ಅನ್ನ ಬಡಿಸಿದ ಹಾಗೆಯೇ ಇದೆ, ಎಲ್ಲವೂ ಕನಸು, ಹೋದವರು ಮರಳುವುದಿಲ್ಲ ಎಂಬ ಸತ್ಯವನ್ನು ಅರಿತು ಅವಳು ನಿಟ್ಟುಸಿರು ಬಿಟ್ಟು ಮನೆಗೆಲಸಕ್ಕೆ ತೊಡಗುತ್ತಾಳೆ. ಒಂದು ಚಿತ್ತೂ ಇಲ್ಲದೆ ಬರೆದೆ. ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದಿಲ್ಲ. ದೀಪ, ಮೀನು, ಚಂದ್ರ ಎಲ್ಲ ಆಯಿತು. ಕೊನೆಗಾದರೂ ಪುಸ್ತಕ ನೆಲಕ್ಕೆ ಕಾಲೂರಿ ನಿಲ್ಲಲಿ ಎಂದುಕೊಂಡೆ.

ನಮ್ಮಲ್ಲಿ ಒಂದು ನಿಯಮವಿತ್ತು. ಕೊನೆಯ ಪ್ರೂಫನ್ನು ಲೇಖಕರು ನೋಡಿ ರುಜು ಹಾಕದೆ ಫಾರಂ ಯಂತ್ರಕ್ಕೆ ಹೋಗಬಾರದು. ಲೇಖಕರು ಊರಲ್ಲಿಲ್ಲದೆ ಒಪ್ಪಿಗೆಯನ್ನು ಕಾಗದದಲ್ಲಿ ತಿಳಿಸಿದ್ದರೆ, ಪ್ರೂಫ್ ನೋಡುವವನು ಕೆಂಪು ಶಾಯಿಯಲ್ಲಿ 'ಲೇಖಕರು ನೋಡಿದ್ದಾರೆ' ಎಂದು ಬರೆದು ತನ್ನ ಹೆಸರಿನ ಮೊದಲಕ್ಷರ ಹಾಕಬಹುದು. ಆ ನಿಯಮ ಮಾಡಿದವನೂ ನಾನೇ. ಬರೆದೆ. ಹಾಕಿದೆ. ಗುರುವಾರ ಯಂತ್ರ ಓಡಿತು. ಶುಕ್ರವಾರ ಲಾಜರ್ ಮೊಳೆಗಳನ್ನು ಬಿಡಿಸಿ ಮರಳಿ ಗೂಡುಗಳಿಗೆ ಹಾಕಿದ. ಹಾಕುವಾಗ ನನ್ನ ಕಡೆ ನೋಡದೆಯೇ, "ನಾನು ಮೊಳೆ ಜೋಡಿಸುವವ ಐತಪ್ಪಣ್ಣ. ಕೈಬರಹ ಯಾರದ್ದು ಅಂತ ನನಗೆ ಗೊತ್ತಾಗ್ತದೆ" ಎಂದ. ಆ ಮೇಲೆ ಅವನು ಸಾಯುವ ತನಕ ಈ ವಿಷಯ ಎತ್ತಲಿಲ್ಲ.

ಕರ್ಕೇರರು ಐದು ವಾರದ ಮೇಲೆ ಬಂದರು, ಮೈಯೆಲ್ಲ ಬಿಸಿಲಿಗೆ ಕಪ್ಪಾಗಿ, ನನಗೆಂದು ದ್ವೀಪದ ತೆಂಗಿನ ಬೆಲ್ಲದ ಒಂದು ಉಂಡೆ ಹಿಡಿದುಕೊಂಡು. ಪುಸ್ತಕವನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡರು. ಕೊನೆಯಿಂದಲೇ ತೆರೆದರು — ಹೊಸ ಕಥೆ ಅಲ್ಲವೇ. ಓದಿದರು. ಮತ್ತೊಮ್ಮೆ ಓದಿದರು.

"ಇದು... ಕನಸು ಅಂತ ನಾನು ಬರೆದದ್ದಾ?"

"ಕಾಪಿಯಲ್ಲಿ ಹಾಗೆಯೇ ಇತ್ತು."

"ಉಪ್ಪಿನ ಮಾತು ಒಂದು ಇತ್ತಲ್ಲ, ಐತಪ್ಪಣ್ಣ."

ಆಗ ನಾನು ಹೇಳಿದ ಮಾತು ಇದು: "ಜ್ವರದಲ್ಲಿ ಬರೆದದ್ದಲ್ಲವಾ ನೀವು. ನೆನಪು ಸರಿ ಇರಲಿಕ್ಕಿಲ್ಲ."

ಮೊದಲ ಸುಳ್ಳು ಪುಸ್ತಕದ ಮೇಲೆ ಹೇಳಿದ್ದು. ಇದು ಮನುಷ್ಯನ ಮೇಲೆ. ಆ ಮಾತು ಬಾಯಿಂದ ಹೊರಬಿದ್ದಾಗ ಅವರ ಮುಖದಲ್ಲಿ ಕೋಪ ಬಂದಿದ್ದರೆ... ಬರಲಿಲ್ಲ. ಒಂದು ಬಗೆಯ ಗೊಂದಲ ಬಂತು. ತನ್ನ ಮನೆಯಲ್ಲೇ ದಾರಿ ತಪ್ಪಿದವನ ಹಾಗೆ ಕೊನೆಯ ಪುಟವನ್ನು ನೋಡಿದರು. "ಇದ್ದರೂ ಇರಬಹುದು ಮಾರಾಯ್ರೆ" ಎಂದರು. ಬೆಲ್ಲವನ್ನು ಮೇಜಿನ ಮೇಲಿಟ್ಟು ಹೋದರು. ಅದನ್ನು ಕಲ್ಯಾಣಿ ಪಾಯಸಕ್ಕೆ ಹಾಕಿದಳು. ನಾನು ಎರಡು ಸಲ ಬಡಿಸಿಕೊಂಡೆ.

ಪುಸ್ತಕಕ್ಕೆ ಒಳ್ಳೆಯ ಹೆಸರು ಬಂತು. ಒಬ್ಬ ಹೆಡ್‌ಮಾಸ್ತರರು, ಮಕ್ಕಳ ಚೀಲದಿಂದ ಪತ್ರಿಕೆ ಕಿತ್ತುಕೊಳ್ಳುತ್ತಿದ್ದವರೇ, ಕೊನೆಯ ಕಥೆ ವಿವೇಕದಲ್ಲಿ ಮುಗಿಯುತ್ತದೆ ಎಂದು ಹೊಗಳಿ ಬರೆದರು. ನಾನು ಅದನ್ನು ಕತ್ತರಿಸಿ ಇಟ್ಟುಕೊಂಡೆ. ಮುಂದಿನ ಮಳೆಗಾಲ ಅಳಿವೆ ಮುಚ್ಚಿತು. ಕರ್ಕೇರರಿಂದ ಕಥೆ ಬರಲಿಲ್ಲ. ಅದರ ಮುಂದಿನ ಮಳೆಗಾಲವೂ. ಕೇಳಿದರೆ, "ತಲೆಯಲ್ಲಿ ನೀರು ಇಳಿದಿದೆ" ಎಂದು ನಗುತ್ತಿದ್ದರು. ಸ್ನೇಹ ಮಾತ್ರ ಇಳಿಯಲಿಲ್ಲ. ಬಂಗುಡೆ ಮೀನಿನ ಕಾಲದಲ್ಲಿ ಅವರ ಮನೆಯಿಂದ ನಮ್ಮ ಮನೆಗೆ ಬಂಗುಡೆ ಬರುತ್ತಿತ್ತು, ವರ್ಷ ತಪ್ಪದೆ. ಅವರ ತಾಯಿ ದುಗ್ಗಮ್ಮ ತೀರಿಕೊಂಡಾಗ ನಾನು ದೋಣಿ ಹತ್ತಿ ಹೋಗಿ ಬಂದೆ. ಒಟ್ಟಿಗೆ ಮುದುಕರಾದೆವು. ಕೆಲವು ಸಲ — ಎಷ್ಟೋ ಸಲ — ಹೇಳಿಬಿಡಬೇಕು ಎಂದು... ಆದರೆ ಎಲ್ಲ ಸರಿಯಾಗಿ ನಡೆಯುತ್ತಿತ್ತು, ಮತ್ತು ಸರಿಯಾಗಿ ನಡೆಯುತ್ತಿರುವುದನ್ನು ಕದಡುವ ಅಭ್ಯಾಸ ನನಗಿಲ್ಲ.

ಮಹಾಯುದ್ಧ ಮುಗಿದು ಕಾಗದ ಮತ್ತೆ ಸಿಗತೊಡಗಿದಾಗ, ಈಗ ಅಚ್ಚುಕೂಟ ನಡೆಸುವ ಮ್ಯಾನೇಜರರ ಮಗ ಮನೆಗೆ ಬಂದರು. 'ಮೂರನೆಯ ಉಬ್ಬರ'ವನ್ನು ಮತ್ತೆ ತರುತ್ತಾರಂತೆ; ಜನ ಕೇಳುತ್ತಿದ್ದಾರಂತೆ. "ಪ್ರೂಫ್ ನೀವೇ ನೋಡಬೇಕು. ಕರ್ಕೇರರೇ ಹೇಳಿದ್ದು — ಐತಪ್ಪಣ್ಣ ನೋಡಿದರೆ ನಾನು ನೋಡಿದ ಹಾಗೆ, ನನ್ನ ರುಜು ಬೇಡ ಅಂತ."

ಒಪ್ಪಿಕೊಂಡೆ. ಹತ್ತು ಫಾರಂ ನೋಡಿದೆ. ಆ ಮೀನು, ಆ ದೀಪಗಳು. ಒಬ್ಬನೇ ಕೂತು ನಕ್ಕೆ. ಹನ್ನೊಂದನೆಯದು ಬಂದಾಗ ಕೊನೆಯ ಪುಟದ ಮೇಲೆ ಕೆಂಪು ಶಾಯಿಯ ಪೆನ್ನು ಹಿಡಿದು ಕೂತೆ. ಕೈ ಮುಂದೆ ಹೋಗಲಿಲ್ಲ. ಏಳೂವರೆಗೆ ಕೂತವನು ಒಂಬತ್ತಾದರೂ ಎದ್ದಿಲ್ಲವೆಂದು ಕಲ್ಯಾಣಿ ಬಂದು ಹಣೆ ಮುಟ್ಟಿ ನೋಡಿದಳು. ಮೊದಲು ಹೇಳಿದ್ದು ಅವಳಿಗೆ. "ಆ ಬಂಗುಡೆ ಎಲ್ಲ ನನ್ನ ಕೈಯಲ್ಲೇ ಅಡಿಗೆ ಮಾಡಿಸಿ ಉಂಡಿರಲ್ಲ ನೀವು" ಎಂದಳು.

ಕರ್ಕೇರರ ಆ ಎರಡು ಪುಟ ನನ್ನಲ್ಲೇ ಇದ್ದವು. ಕಾಪಿಯನ್ನು ಯಾರೂ ಹರಿದು ಹಾಕಬಾರದು ಎಂಬುದೂ ಅಚ್ಚುಕೂಟದ ನಿಯಮ. ನೋಡಿ, ಆ ನಿಯಮವನ್ನು ನಾನು ಮುರಿದಿರಲಿಲ್ಲ. ಭಾನುವಾರ ಅವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಧ್ಯಾಹ್ನದ ದೋಣಿಗೆ ಬೆಂಗ್ರೆಗೆ ಹೋದೆ.

ಕರ್ಕೇರರ ಹೆಂಡತಿ ಸೀತು ಅಂಗಳದಲ್ಲಿ ಸಿಗಡಿ ಒಣಗಲು ಹರಡುತ್ತಿದ್ದರು. "ಅಣ್ಣ ಬಂದ್ರಾ! ಇವತ್ತು ಭಾನುವಾರ ಅಲ್ವಾ, ನಿಮ್ಮ ಟೈಮ್‌ಟೇಬಲಿನಲ್ಲಿ ನಾವು ಎಲ್ಲಿಂದ ಬಂದೆವು?" ಎಂದು ಚಾಪೆ ಹಾಸಿದರು. ಕರ್ಕೇರರು ಒಳಗಿಂದ ನಗುತ್ತಲೇ ಬಂದರು. ನಾನು ಕೂರುವ ಮೊದಲೇ ಹೇಳಿದೆ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು. ಹೇಳಿ, ಪುಟಗಳನ್ನು ಕೊಟ್ಟೆ.

ಅವರು ಅದನ್ನು ಕಣ್ಣಿನಿಂದ ದೂರ ಹಿಡಿದು ಓದಿದರು, ತುಟಿ ಅಲುಗಿಸುತ್ತ. ಸೀತು ಸಿಗಡಿಯ ಕೈಯಲ್ಲೇ ನಿಂತಿದ್ದರು.

"ನನ್ನ ಅಕ್ಷರ. ಜ್ವರದಲ್ಲೂ ಎಷ್ಟು ನೇರ ಬರೆದಿದ್ದೇನೆ ನೋಡಿ." ಪುಟದಿಂದ ಕಣ್ಣೆತ್ತಿ, "ಯಾಕೆ, ಐತಪ್ಪಣ್ಣ?"

"ಕಾಗದ—"

"ಕಾಗದ ಬಿಡಿ."

ಬಿಟ್ಟೆ. ಕಾವೂರಿನ ಮಾತು ಹೇಳಿದೆ. ತಾಯಿ ತೀರಿಕೊಂಡ ವರ್ಷ ಆಟಿಯಲ್ಲಿ ಎಲೆ ಹಾಕಿದಾಗ ನಾನು ಬಾಗಿಲಿನ ಸಂದಿಯಿಂದ ಇಣುಕಿದ್ದೆ. ಅಮ್ಮ ಬರಲಿಲ್ಲ. ಬೆಕ್ಕು ಬಂತು. ಯಾರೂ ಬರಲಿಲ್ಲ, ನಾನು ನೋಡಿದೆ ಎಂದು ಹೊರಗೆ ಕೂತವರಿಗೆಲ್ಲ ಹೇಳಿದೆ. ಕೆನ್ನೆಗೆ ಒಂದು ಬಿತ್ತು. ಕರ್ಕೇರರ ಎರಡು ಪುಟ ಓದಿದಾಗ ಆ ಕೆನ್ನೆ ಮತ್ತೆ ಉರಿಯಿತು. ಬರುವುದಾದರೆ ನನ್ನ ಅಮ್ಮ ಯಾಕೆ... ಅಷ್ಟೇ. ಇದನ್ನು ಸಮಜಾಯಿಷಿ ಎಂದು ಹೇಳಲಿಲ್ಲ. ಇಲ್ಲಿಯೂ ಹಾಗೆ ಬರೆಯುತ್ತಿಲ್ಲ. ಅವರು ಕೇಳಿದರು, ಉತ್ತರ ಇದೊಂದೇ ಇತ್ತು.

ಕರ್ಕೇರರು ಕೇಳಿಸಿಕೊಂಡರು. ಆ ಮೇಲೆ ಅವರು ಹೇಳಿದ್ದು ನನಗೆ ಗೊತ್ತಿರಲಿಲ್ಲ.

"ಆ ಪುಸ್ತಕದಲ್ಲಿ ಹನ್ನೊಂದು ಕಥೆ ನಾನು ಕಟ್ಟಿದ್ದು. ಅಪ್ಪಟ ಸುಳ್ಳು. ಈ ಕಥೆಯಲ್ಲಿ ಆ ಉಬ್ಬರ ಒಂದು ನಾನು ಸೇರಿಸಿದ್ದು. ಉಳಿದದ್ದು ಅಮ್ಮ ಹೇಳಿದ್ದು. ಶೀನ ಹೋದ ವರ್ಷ ಅವಳು ಎಲೆ ಬಿಟ್ಟು ಹೊರಗೆ ಬರಲೇ ಇಲ್ಲ. ಎಲ್ಲ ಮುಗಿದ ಮೇಲೆ ಬಂದವಳು, ಶೀನ ಉಂಡ, ಉಪ್ಪು ಕಡಿಮೆ ಅಂದ ಅಂತ ಹೇಳಿದಳು. ಅಳಲಿಲ್ಲ. ನಾನು ಅದನ್ನು ಹಾಗೆಯೇ ಇಳಿಸಿದ್ದು. ಮುಂದೆ ಪ್ರತಿ ಆಟಿಗೆ ನಾನೂ ಒಳಗೆ ಅವಳ ಬದಿಯಲ್ಲಿ ಕೂರುತ್ತಿದ್ದೆ. ನನಗೆ ಏನೂ ಕಾಣುತ್ತಿರಲಿಲ್ಲ, ಆದರೂ ಕೂರುತ್ತಿದ್ದೆ. ಪುಸ್ತಕ ಬಂದ ಮೇಲೆ..."

ಸೀತು ಮುಂದುವರಿಸಿದರು.

"ಅತ್ತೆ ಕೇಳಿದ್ರು ಅಣ್ಣ — ದೂಮ, ನೀನು ಕನಸು ಅಂತ ಬರೆದಿದ್ದೀಯಂತೆ? ಹೌದಮ್ಮ, ಹಾಗೆ ಬರೆದೆ ಅಂದ್ರು ಇವರು. ಜ್ವರದಲ್ಲಿ ಒಳಗಿನ ಮಾತು ಹೊರಗೆ ಬಂದಿರಬೇಕು, ನಾನು ನಂಬಿಯೇ ಇರಲಿಲ್ಲವೋ ಏನೋ ಅಂತ ಇವರಿಗೆ ಅನ್ನಿಸಿಬಿಟ್ಟಿತು. ಅತ್ತೆ ನಕ್ಕುಬಿಟ್ರು. ಪುಸ್ತಕಕ್ಕೆ ಎಂತ ಗೊತ್ತುಂಟು, ಅದು ಬಡಿಸಿದೆಯಾ — ಅಂದ್ರು. ಸಾಯುವ ತನಕ ಬಡಿಸಿದ್ರು."

"ನಾನು ಒಳಗೆ ಹೋಗಲಿಲ್ಲ," ಎಂದರು ಕರ್ಕೇರರು. "ಹನ್ನೊಂದು ವರ್ಷ. ನಂಬದವ ಅಲ್ಲಿ ಕೂರಬಾರದು ಅಂತ ಹೊರಗೆ ನಿಂತು ಬೀಡಿ ಸೇದಿದೆ. ಅಮ್ಮ ಒಬ್ಬಳೇ ಕೂತಳು."

ಹೊಳೆಯ ಕಡೆಯಿಂದ ದೋಣಿಯವನು ಕೂಗುವುದು ಕೇಳಿಸಿತು. ಕ್ಷಮಿಸಿ ಎನ್ನುವ ಮಾತು ನನ್ನ ನಾಲಿಗೆಯ ತನಕ ಬಂತು. ಅಷ್ಟು ಸಣ್ಣ ಮಾತನ್ನು ಅಲ್ಲಿ ಇಡಲು ನನಗೆ ಧೈರ್ಯವಾಗಲಿಲ್ಲ.

ಕರ್ಕೇರರು ಪುಟಗಳನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡರು. "ನನಗೆ ಹೇಳಿದ್ರಿ, ಆಯ್ತು. ಓದಿದವರು ಉಂಟಲ್ಲ, ಅವರೆಲ್ಲ ನನ್ನ ಅಮ್ಮ ಕನಸು ಕಂಡದ್ದು ಅಂತ ತಿಳಿದಿದ್ದಾರೆ. ಅವರಿಗೆ ಯಾರು ಹೇಳುವುದು?"

"ನಾನು ಹೇಳುತ್ತೇನೆ."

"ಹೆಸರು ಹಾಕಿ ಹೇಳಿ."

"ಹಾಕುತ್ತೇನೆ."

ಪ್ರತಿ ಸಲ ಅವರು ನನ್ನನ್ನು ಕಡವಿನ ತನಕ ಬಿಟ್ಟು ಹೋಗುತ್ತಿದ್ದರು. ಆ ದಿನ ಚಾಪೆಯಿಂದ ಏಳಲಿಲ್ಲ. ಸೀತು ಮಾತ್ರ ಬೇಲಿಯ ತನಕ ಬಂದು, ಎಚ್ಚರದಲ್ಲಿ ಹೋಗಿ ಅಣ್ಣ ಎಂದರು.

ಕೊಟ್ಟ ಮಾತಿನಂತೆ ಇದನ್ನು ಬರೆದು ಅಚ್ಚಿಗೆ ಕೊಟ್ಟಿದ್ದೇನೆ. ನನ್ನ ಹೆಸರು ಐತಪ್ಪ. ಹೊಸ ಮುದ್ರಣದಲ್ಲಿ ಕಥೆ ನೂರ ಎಪ್ಪತ್ತೆಂಟನೆಯ ಪುಟಕ್ಕೆ, ಕರ್ಕೇರರು ಬರೆದ ಹಾಗೆಯೇ ಮುಗಿಯುತ್ತದೆ. ಅದಕ್ಕಾಗಿ ಹನ್ನೆರಡನೆಯ ಫಾರಂ ಒಂದನ್ನು ಸೇರಿಸಿದ್ದಾರೆ. ಉಳಿದ ಪುಟಗಳು ಖಾಲಿ ಇರುತ್ತವೆ, ಇರಲಿ.

ಆದರೆ ಹಳೆಯ ಪ್ರತಿಗಳು ಊರಲ್ಲಿವೆ. ಅವುಗಳಲ್ಲಿ ಇನ್ನೂ ಬೆಳಗಾಗುತ್ತಿದೆ, ಎಲೆಯ ಮೇಲೆ ಅನ್ನ ಹಾಗೆಯೇ ಇದೆ. ಅವನ್ನು ಹುಡುಕಿಕೊಂಡು ಹೊರಟಿದ್ದೇನೆ. ಆ ಹೆಡ್‌ಮಾಸ್ತರರ ಮನೆಗೇ ಮೊದಲು ಹೋದೆ. ಪುಸ್ತಕದಲ್ಲಿ ಒಳ್ಳೆಯದು ಅದೊಂದೇ ಭಾಗ, ಗೀಟು ಹಾಕಲು ಬಿಡುವುದಿಲ್ಲ ಎಂದರು. ಬಹಳ ವಾದಿಸಿದೆ. ಅವರನ್ನು ಅಷ್ಟು ಚೆನ್ನಾಗಿ ನಂಬಿಸಿದವನು ನಾನೇ, ಈಗ ಬಿಡಿಸಲಾರದೆ ಬಂದೆ. ಬೇರೆ ಹದಿನಾಲ್ಕು ಪ್ರತಿ ಸಿಕ್ಕಿವೆ. ಒಂದೊಂದರಲ್ಲೂ ಹನ್ನೆರಡು ಸಾಲಿನ ಮೇಲೆ ಅಡ್ಡಗೀಟು ಎಳೆದು, ಕೆಳಗೆ 'ಇದು ಐತಪ್ಪ ಸೇರಿಸಿದ್ದು. ಲೇಖಕರು ನೋಡಿರಲಿಲ್ಲ' ಎಂದು ಬರೆದು, ಕರ್ಕೇರರ ಎರಡು ಪುಟ ಅಚ್ಚು ಹಾಕಿಸಿದ ಹಾಳೆಯನ್ನು ಅಂಟಿಸಿ ಕೊಡುತ್ತೇನೆ. ಕಳೆದ ವಾರ ದೋಣಿಯವನ ಕೈಯಲ್ಲಿ ಬೆಂಗ್ರೆಯಿಂದಲೂ ಒಂದು ಪ್ರತಿ ಬಂತು, ಕಾಗದವಿಲ್ಲದೆ. ಅದಕ್ಕೂ ಗೀಟು ಎಳೆದು, ಬರೆದು, ಅಂಟಿಸಿ, ಅವನ ಕೈಯಲ್ಲೇ ಮರಳಿ ಕಳಿಸಿದೆ. ಕರ್ಕೇರರಿಂದ ಮಾತು ಬಂದಿಲ್ಲ. ಬರಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಸತ್ತವರು ಬರುತ್ತಾರೆಂದು ಈಗ ನಂಬುತ್ತೀರಾ ಎಂದು ಒಬ್ಬರು ಕೇಳಿದರು. ನನಗೆ ತಿಳಿಯದು. ನಾನು ನಂಬುವುದು ಬಿಡುವುದು ಆ ಪ್ರೂಫ್ ಮೇಜಿನ ಕೆಲಸವಾಗಿರಲಿಲ್ಲ. ಬರೆದವರು ಬರೆದದ್ದೂ ಅಚ್ಚಾದದ್ದೂ ಒಂದೇ ಎಂದು ನೋಡುವುದಷ್ಟೇ ನನ್ನ ಕೆಲಸ. ದುಗ್ಗಮ್ಮ ನಿದ್ದೆ ಮಾಡಿರಲಿಲ್ಲ. ಮಗ ಬಂದ, ಉಂಡ, ಉಪ್ಪು ಕಡಿಮೆ ಎಂದ ಎಂದು ಹೇಳಿದರು. ಕಾಪಿಯಲ್ಲಿ ಹಾಗಿದೆ.

ಉಳಿದ ಪ್ರತಿಗಳು ನಿಮ್ಮಲ್ಲಿ ಯಾರ ಮನೆಯಲ್ಲೋ ಇವೆ. ದಯವಿಟ್ಟು ತನ್ನಿ. ಬೆಳಿಗ್ಗೆ ಎಂಟರಿಂದ ಹತ್ತರ ತನಕ ಅಚ್ಚುಕೂಟದ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಬರಲಾಗದವರು ಮನೆ ಎಲ್ಲಿ ಎಂದು ತಿಳಿಸಿದರೆ ನಾನೇ ಬರುತ್ತೇನೆ.